ಒಲೆಯ ಮೇಲಿನ ಪಾಲು

ಸೊರಟೂರಿನ ಅಂಬವ್ವನ ಮನೆಗೆ ಗ್ಯಾಸ್ ಬಂದು ನಾಲ್ಕು ವರ್ಷ ಆಗಿತ್ತು. ರೊಟ್ಟಿ, ಪಲ್ಯ, ಚಹಾ ಎಲ್ಲ ಅದರ ಮೇಲೆಯೇ. ಆದರೂ ಕಾರಹುಣ್ಣಿಮೆ ಆದ ಮಂಗಳವಾರದಿಂದ ಈಚೆಗೆ ಅಡುಗೆಮನೆಯ ಮೂಲೆಯ ಹಳೇ ಮಣ್ಣಿನ ಒಲೆ ಒಂದು ದಿನವೂ ಆರಿರಲಿಲ್ಲ. ಅದರ ಮೇಲೆ ಏನೂ ಬೇಯುತ್ತಿರಲಿಲ್ಲ. ಒಲೆಯಿಂದ ಎರಡು ಮೊಳ ಮೇಲೆ, ಜಂತಿಗೆ ಕಟ್ಟಿದ ಬಿದಿರ ಗಳದಲ್ಲಿ ಒಂಬತ್ತು ಸೀಳು ಖಂಡ ತೂಗಾಡುತ್ತಿದ್ದವು. ಅದು ಅಂಬವ್ವನ ಕಿರಿಮಗ ವೀರೂನ ಪಾಲು. ವೀರು ಮಾತ್ರ ಮನೆಯಲ್ಲಿರಲಿಲ್ಲ.

ಆ ಮನೆತನದಲ್ಲಿ ಹಿಂದಿನಿಂದ ನಡೆದು ಬಂದದ್ದು ಹೀಗೆ. ಯಾರ ಸಲುವಾಗಿ ದ್ಯಾಮವ್ವಗೆ ಹರಕೆ ಹೊತ್ತಿರುತ್ತಾರೋ, ಅವರು ಆ ಹೋತಿನ ಖಂಡ ಒಂದು ತುಣುಕಾದರೂ ಬಾಯಿಗಿಟ್ಟ ಮೇಲೆಯೇ ಹರಕೆ ಮುಟ್ಟಿದಂತೆ. ಅವರು ಊರಲ್ಲಿಲ್ಲವೋ, ಅವರ ಪಾಲನ್ನು ಹರಕೆಯ ಅಡುಗೆ ಮಾಡಿದ ಒಲೆಯ ಮೇಲೆಯೇ ಹೊಗೆಗೆ ಕಟ್ಟಬೇಕು. ಬಂದು ತಿನ್ನುವ ತನಕ ಒಲೆ ಆರಬಾರದು, ಪಾಲು ಇನ್ನೊಬ್ಬರ ಬಾಯಿಗೆ ಬೀಳಬಾರದು. ಅಂಬವ್ವನ ಅತ್ತೆ ಮಿಲಿಟರಿಯಲ್ಲಿದ್ದ ಮಗನ ಪಾಲನ್ನು ಎರಡು ತಿಂಗಳು ಹೀಗೆ ಕಾಯ್ದು, ಅವನು ರಜೆಗೆ ಬಂದ ದಿನ ಬಿಸಿನೀರಲ್ಲಿ ನೆನೆಹಾಕಿ, ಒಣಕೊಬ್ಬರಿ ಅರೆದು ಸಾರು ಮಾಡಿ ಉಣಿಸಿದ್ದಳಂತೆ. ಆ ಕಥೆಯನ್ನು ಅಂಬವ್ವ ಮದುವೆಯಾಗಿ ಬಂದ ವರ್ಷವೇ ಕೇಳಿದ್ದಳು. ತನಗೂ ಒಂದು ದಿನ ಅಂಥ ಕಾಯುವ ಕೆಲಸ ಬಂದೀತು ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ.

ಹೊಗೆಗೆ ಕಟ್ಟುವುದೆಂದರೆ ಬೆಂಕಿ ಹಚ್ಚಿ ಕೈ ತೊಳೆದುಕೊಳ್ಳುವ ಕೆಲಸವಲ್ಲ. ಖಂಡವನ್ನು ನಾರಿನ ಗುಂಟ ಉದ್ದಕ್ಕೆ ಸೀಳಬೇಕು. ಉಪ್ಪು, ಅರಿಷಿಣ, ಜಜ್ಜಿದ ಬೆಳ್ಳುಳ್ಳಿ ತಿಕ್ಕಿ, ಬೋಗುಣಿಗೆ ಹಾಕಿ, ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟರೆ ನೀರೆಲ್ಲ ಇಳಿಯುತ್ತದೆ. ಆಮೇಲೆ ತಂತಿಗೆ ಪೋಣಿಸಿ, ಒಂದಕ್ಕೊಂದು ತಾಗದಂತೆ ತೂಗುಹಾಕುವುದು. ಕೆಳಗೆ ಉರಿ ಏಳಬಾರದು, ಕೆಂಡ ಸಾಯಲೂಬಾರದು. ಬೇವಿನ ಕಟ್ಟಿಗೆ ಇಟ್ಟರೆ ಕಹಿ ಹತ್ತುತ್ತದೆ. ಹತ್ತಿಕಟ್ಟಿಗೆಗೆ ಈಗೀಗ ಮೂರು ನಾಲ್ಕು ಸಲ ಹುಳದ ಎಣ್ಣೆ ಹೊಡೆದಿರುತ್ತಾರೆ, ಅದು ಬೇಡವೇ ಬೇಡ. ಜಾಲಿಯ ಕೊರಡು ಒಂದು, ಸೆಗಣಿಯ ಕುಳ್ಳು ಎರಡು, ಅದರ ಮೇಲೆ ನೀರು ಚಿಮುಕಿಸಿದ ಶೇಂಗಾ ಸಿಪ್ಪೆ ಒಂದು ಬೊಗಸೆ. ಆಗ ಹೊಗೆ ತೆಳ್ಳಗೆ, ನೀಲಿಯಾಗಿ, ಸಾವಕಾಶ ಏಳುತ್ತದೆ. ಹದಿನೈದು ದಿನಕ್ಕೆ ಖಂಡದ ಮೈ ಕಪ್ಪಾಗಿ ಚರ್ಮದ ಹಾಗೆ ಬಿಗಿಯಿತು. ಒಲೆ ಹೇಗೂ ಉರಿಯುತ್ತದಲ್ಲ, ಹೊಗೆ ಯಾಕೆ ದಂಡ ಮಾಡುವುದು ಎಂದು ಅಂಬವ್ವ ಅದೇ ಗಳದ ಇನ್ನೊಂದು ತುದಿಗೆ ಹೆಚ್ಚಿದ ಬದನೆಕಾಯಿಯ ಸರ, ಚವಳಿಕಾಯಿ, ಉಪ್ಪು ತುಂಬಿದ ಮೆಣಸಿನಕಾಯಿ ಕಟ್ಟಿದಳು. ಮಳೆಗಾಲದಲ್ಲಿ ಕಾಯಿಪಲ್ಲೆ ಇಲ್ಲದ ದಿನಕ್ಕೆ ಆದಾವು ಎಂದು.

ಹರಕೆ ಹೊತ್ತದ್ದು ಎರಡು ವರ್ಷದ ಹಿಂದೆ. ಗಂಡ ಕಲ್ಲಣ್ಣ ತೀರಿಕೊಂಡ ಮೇಲೆ ವೀರು ಕುಡಿತಕ್ಕೆ ಬಿದ್ದಿದ್ದ. ಮೊದಲು ಹಬ್ಬಕ್ಕೆ, ಆಮೇಲೆ ಸಂತೆಗೆ, ಆಮೇಲೆ ದಿನಾ. ಒಂದು ದಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅರಿವೆ ಖಬರಿಲ್ಲದೆ ಬಿದ್ದವನನ್ನು ಹಿರಿಯ ಮಗ ಸುದೀಪ ಎಬ್ಬಿಸಿ, ಹತ್ತು ಮಂದಿಯ ಎದುರು ಕೆನ್ನೆಗೆ ಹೊಡೆದ. ಆಗ ಬಂದು ನಿಂತ ಬಸ್ಸು ಹತ್ತಿ ಮುಂಡರಗಿಗೆ ಹೋದ ವೀರು ಅಲ್ಲೇ ಒಂದು ಟೈರಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಆ ಸಂಜೆ ಅಂಬವ್ವ ದ್ಯಾಮವ್ವನ ಗುಡಿಗೆ ಹೋಗಿ, ನನ್ನ ಮಗ ಕುಡಿಯೋದು ಬಿಟ್ಟರೆ ನಿನಗೆ ಒಂದು ಹೋತು ಕೊಡುತ್ತೇನೆ, ಅವನ ಪಾಲು ಅವನ ಕೈಯಿಂದಲೇ ತಿನ್ನಿಸುತ್ತೇನೆ ಎಂದು ಹೊಸ್ತಿಲು ಮುಟ್ಟಿ ಬಂದಳು.

ತಾಯಿ ಕೇಳಿಸಿಕೊಂಡಳು. ಈ ವರ್ಷ ಬೇಸಿಗೆಯಲ್ಲಿ ಟೆಂಪೊ ಹೊಡೆಯುವ ಅಯ್ಯೂಬ ಟೈರು ಬದಲಿಸಲು ಮುಂಡರಗಿಗೆ ಹೋಗಿದ್ದವನು ಬಂದು, ವೀರು ಬೀಡಿ ಸಹ ಮುಟ್ಟುತ್ತಿಲ್ಲ, ಮೈ ಕೈ ತುಂಬಿಕೊಂಡಾನೆ, ಮುಖದ ಮೇಲೆ ಕಳೆ ಬಂದೈತಿ ಎಂದು ಸುದ್ದಿ ಹೇಳಿದ. ಅಂಬವ್ವ ಅವನಿಗೆ ಎರಡು ಸಲ ಚಹಾ ಕುಡಿಸಿ ಅದೇ ಸುದ್ದಿಯನ್ನು ಮೂರು ಸಲ ಹೇಳಿಸಿಕೊಂಡಳು. ಫೋನಿನಲ್ಲಿ ವೀರೂನನ್ನು ಕರೆದಳು. ಅವನು, ಏಕಾದಶಿ ಮುಗಿಸಿಕೊಂಡು ಬರುತ್ತೇನೆ ಯವ್ವಾ ಎಂದ. ಅಂಗಡಿಯಲ್ಲಿ ಏಕಾದಶಿ ತನಕ ಕೆಲಸ ಜೋರು ಇರಬೇಕು ಎಂದುಕೊಂಡಳು ಅವಳು. ಹರಕೆಯ ಮಾತನ್ನು ಫೋನಿನಲ್ಲಿ ಹೇಳಬಾರದೆಂದು ಹೇಳಲಿಲ್ಲ. ತಡ ಮಾಡಿದರೆ ತಾಯಿ ಮುನಿದಾಳು ಎಂದು ಹೋತನ್ನು ಕೊಟ್ಟೇಬಿಟ್ಟಳು, ಪಾಲನ್ನು ಹೊಗೆಗೆ ಕಟ್ಟಿದಳು.

ಕಟ್ಟಿ ಒಂದು ವಾರಕ್ಕೆ ಮಳೆ ಹಿಡಿಯಿತು. ಮಾಳಿಗೆಯ ಬೆಳಕಿಂಡಿಗೆ ಸುದೀಪ ತಗಡು ಮುಚ್ಚಿದ. ಹೊಗೆಗೆ ಹೊರಗೆ ಹೋಗುವ ದಾರಿ ತಪ್ಪಿತು. ಅದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಒಳಕೋಣೆಗೆ, ಮನೆಯ ಒಬ್ಬ ಮನುಷ್ಯನ ಹಾಗೆ ಅಡ್ಡಾಡತೊಡಗಿತು.

ಸುದೀಪನ ಹೆಂಡತಿ ರೋಜಾಗೆ ಆಗ ಐದು ತಿಂಗಳು. ಹೋದ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಮೊದಲು ಅವಳಿಗೆ ಸಣ್ಣ ಕೆಮ್ಮು ಬಂತು. ನೆಗಡಿ ಎಂದರು. ಆಮೇಲೆ ಏಳೆಂಟು ಹೆಜ್ಜೆ ನಡೆದರೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸಪ್ಪಳ. ಗದಗಿಗೆ ಕರೆದುಕೊಂಡು ಹೋದರು. ಡಾಕ್ಟರಬಾಯಿ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಮನೆಯಲ್ಲಿ ಕಟ್ಟಿಗೆ ಒಲೆ ಹಚ್ಚುತ್ತೀರೇನು ಎಂದಳು. ರೋಜಾ ಕಣ್ಣು ಎತ್ತದೆ, ಇಲ್ಲರಿ, ಗ್ಯಾಸ್ ಐತಿ ಎಂದುಬಿಟ್ಟಳು. ಪಕ್ಕದಲ್ಲೇ ಕುಳಿತ ಅಂಬವ್ವ ಸೆರಗಿನ ಚುಂಗು ತಿರುವುತ್ತಿದ್ದಳು. ಡಾಕ್ಟರಬಾಯಿ ಇಬ್ಬರನ್ನೂ ನೋಡಿದಳು.

"ಸೀರಿ ಹೊಗಿ ವಾಸನಿ ಬಡಿಯಾಕ ಹತ್ತೈತಿ. ನಿಮಗ ಕೂಸು ಬೇಕೋ ಬ್ಯಾಡೋ?"

ಬಾಯಿಗೆ ಎಳೆದುಕೊಳ್ಳುವ ಪಂಪು ಕೊಟ್ಟಳು, ಹೊಗೆಯ ಹತ್ತಿರ ಸುಳಿಯಬೇಡ ಎಂದಳು. ಮರಳುವ ಬಸ್ಸು ಮುಳಗುಂದ ದಾಟಿತು. ಆಮೇಲೆ ರೋಜಾಳೇ, ಮೈದುನ ಬರುವ ತನಕ ಅಲ್ಲವೇನರಿ ಅತ್ತಿ, ತಡಕೊಂಡೇನು ಎಂದಳು. ಅವಳನ್ನು ತವರಿಗೆ ಕಳಿಸೋಣವೆಂದರೆ ತವರಲ್ಲಿ ತಾಯಿ ಇಲ್ಲ. ಲಕ್ಷ್ಮೇಶ್ವರದಲ್ಲಿ ಅಣ್ಣ ಅತ್ತಿಗೆ ಮೂರು ಮಕ್ಕಳು ಒಂದೇ ಖೋಲಿಯಲ್ಲಿ. ಮಲಗುವುದನ್ನು ಮುಂದಿನ ಪಡಸಾಲೆಗೆ ಬದಲಿಸಿದರು. ಹೊಗೆ ಅಲ್ಲಿಗೂ ಬಂತು.

ಅಂಬವ್ವ ದ್ಯಾಮವ್ವನ ಪೂಜಾರಿ ಅಂದಪ್ಪನ ಹತ್ತಿರ ಹೋದಳು. ಒಲೆಯನ್ನು ದನದ ಕೊಟ್ಟಿಗೆಗೆ ಒಯ್ಯಬಹುದೇ, ಪಾಲನ್ನು ಡಬ್ಬಿಯಲ್ಲಿ ಮುಚ್ಚಿಡಬಹುದೇ, ಬದಲಿಗೆ ಇನ್ನೊಂದು ಹೋತು ಕೊಡಬಹುದೇ. ಅಂದಪ್ಪ ಒಳ್ಳೆಯ ಮನುಷ್ಯ. ಹೆದರಿಸಿ ಮಾತಾಡುವವನಲ್ಲ. ಅವನು ಗುಡಿಯ ಬಾಗಿಲ ಕಡೆ ನೋಡಿ, ನೀನು ಬೇಡಿಕೊಂಡದ್ದು ಆಕೆಯ ಹತ್ತಿರ, ನಡುವೆ ನಾನು ರಿಯಾಯಿತಿ ಕೊಡಲು ಯಾರು ಎಂದ. ವೀರು ಒಂದು ತುಣುಕು ತಿಂದರೆ ಮುಗಿಯಿತು. ಇಲ್ಲವೇ ತನ್ನ ಕೈಯಿಂದಲೇ ಪಾಲನ್ನು ಗಳದಿಂದ ಇಳಿಸಿ ತಂದು ತಾಯಿಯ ಪಾದಕ್ಕೆ ಹಾಕಿ, ನನಗೆ ಮುಟ್ಟಿತು ಎಂದರೂ ನಡೆದೀತು. ಎರಡಕ್ಕೂ ಅವನೇ ಬೇಕು.

"ನಾಗರ ಅಮಾಸಿ ಒಳಗ ಕರಸು ಅಂಬವ್ವಾ. ಶ್ರಾವಣ ಹತ್ತಿದ್ರ ಖಂಡ ತಿನ್ನೂಹಂಗಿಲ್ಲ. ಮತ್ತ ಒಂದು ತಿಂಗಳ ಹೊಗಿ."

ಅಂಬವ್ವ ದಿನಾ ಬೆಳಗ್ಗೆ ಎದ್ದು ಒಲೆಗೆ ಕುಳ್ಳು ಇಡುವಾಗ ದೇವರನ್ನು ನೆನೆಯುತ್ತಿದ್ದಳು. ಹಿಂದೆಲ್ಲ ಬೇಡುವುದಕ್ಕೆ ಒಂದೊಂದೇ ಮಾತು ಇರುತ್ತಿತ್ತು. ಈಗ ಕೈ ಮುಗಿದರೆ ಎರಡು ಮಾತು ಒಟ್ಟಿಗೆ ಬರುತ್ತಿದ್ದವು, ಹೊಗೆ ನಿಲ್ಲದಿರಲಿ, ಹೊಗೆ ತಾಗದಿರಲಿ. ಯಾವುದನ್ನು ಮೊದಲು ಹೇಳಬೇಕೋ ತಿಳಿಯದೆ ಕೈ ಇಳಿಸುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಹತ್ತರ ಬಸ್ಸಿಗೆ ವೀರು ಬಂದ.

ಅಂಗಳದಲ್ಲಿ ನಿಂತವನನ್ನು ನೋಡಿ ಅಂಬವ್ವನಿಗೆ ಗಂಡನೇ ಎಳೆಯನಾಗಿ ಬಂದ ಹಾಗಾಯಿತು. ಕಣ್ಣು ತಿಳಿಯಾಗಿದ್ದವು. ಬಿಳಿ ಪೈಜಾಮ, ಬಿಳಿ ಅಂಗಿ. ಹಣೆಯ ಮೇಲೆ ಗಂಧ, ಅದರ ನಡುವೆ ಕರಿ ಬುಕ್ಕಾ ಪುಡಿಯ ಬೊಟ್ಟು. ಅವನು ಕಾಲಿಗೆ ಬೀಳಲು ಬಗ್ಗಿದಾಗ ಕೊರಳಿನಿಂದ ತುಳಸಿಮಣಿಯ ಮಾಲೆ ಜೋತುಬಿತ್ತು. ಅಂಬವ್ವ ಅವನ ತಲೆಯ ಮೇಲೆ ಕೈ ಇಟ್ಟವಳು ತೆಗೆಯಲು ಮರೆತಳು.

ಆ ಸೀಮೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ವಿಠ್ಠಲನ ಮಾಲೆ ಕೊರಳಿಗೆ ಬಿದ್ದವನು ಕುಡಿಯುವುದಿಲ್ಲ, ಖಂಡ ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಮುಂಡರಗಿಯಲ್ಲಿ ಟೈರಿನ ಅಂಗಡಿಯ ಯಜಮಾನ ವಾರಕರಿಯಂತೆ, ವರ್ಷಾ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತ. ರಸ್ತೆಯ ಬದಿಗೆ ಬಿದ್ದಿದ್ದ ವೀರೂನನ್ನು ಎತ್ತಿ ತಂದು, ಭಜನೆಯಲ್ಲಿ ಕೂಡಿಸಿ, ಒಂದು ವರ್ಷ ಕಾಯ್ದು, ಮಾಲೆ ಹಾಕಿಸಿದನಂತೆ. ಏಕಾದಶಿಗೆ ದಿಂಡಿಯ ಮಂದಿಯ ಸಂಗಡ ಪಂಢರಪುರಕ್ಕೆ ನಡೆದೇ ಹೋಗಿ ಬಂದದ್ದನ್ನು ವೀರು ಕಟ್ಟೆಯ ಮೇಲೆ ಕುಳಿತು ಸಾವಕಾಶ ಹೇಳಿದ. ಕಾಲಿನ ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ. ಗಂಟು ಬಿಚ್ಚಿ ಚುರಮರಿ ಪ್ರಸಾದ ತೆಗೆದು ತಾಯಿಯ ಅಂಗೈಗೆ ಹಾಕಿದ. ಅಂಬವ್ವ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅವನ ದೇವರ ಪಾಲು ಎಷ್ಟು ಹಗುರಾಗಿ ಬಾಯಿಯಲ್ಲಿ ಕರಗಿತು.

ಹಾದಿಯಲ್ಲಿ ಹೊರಟಿದ್ದ ಅಯ್ಯೂಬನನ್ನು ಸುದೀಪ ಕರೆದು, ಮಾಲೆಯ ಸುದ್ದಿ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಯ್ಯೂಬ ತಬ್ಬಿಬ್ಬಾದ. ನೀವು ಕೇಳಿದ್ದು ಕುಡಿತಾನೋ ಇಲ್ಲೋ ಅಂತ, ಕೊಳ್ಳಾಗ ಏನೈತಿ ಅಂತ ಯಾರು ಕೇಳಿದ್ರಿ ಎಂದು ಹೋದ. ಅವನದೂ ತಪ್ಪಿರಲಿಲ್ಲ.

ಒಳಗಿನಿಂದ ಹೊಗೆಯ ವಾಸನೆ ಬಂದಾಗ ವೀರು, ಏನು ಕಟ್ಟೀರಿ ಎಂದು ನಗುತ್ತ ಕೇಳಿದ. ಸಣ್ಣವನಿದ್ದಾಗ ಹೊಗೆಖಂಡವೆಂದರೆ ಜೀವ ಬಿಡುತ್ತಿದ್ದ. ಗಳದಿಂದ ಕದ್ದು ಹರಿದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ. ಅಂಬವ್ವ ಹರಕೆಯನ್ನು ಮೊದಲಿನಿಂದ ಹೇಳಿದಳು. ಬಸ್ ಸ್ಟ್ಯಾಂಡಿನ ಸಂಜೆ, ಹೊಸ್ತಿಲು ಮುಟ್ಟಿದ್ದು, ಹೋತು ಕೊಟ್ಟದ್ದು, ಆರು ವಾರದ ಒಲೆ. ಹೇಳುತ್ತ ಹೋದಂತೆ ಮಗನ ಮುಖದ ನಗು ಇಳಿಯಿತು. ಅವಳು ಮುಗಿಸಿದಾಗ ಅವನ ಬಲಗೈ ಮಾಲೆಯನ್ನು ಹಿಡಿದುಕೊಂಡಿತ್ತು.

ಅವನು ಏನೂ ಹೇಳುವ ಮೊದಲೇ ಒಳಗೆ ರೋಜಾಗೆ ಕೆಮ್ಮು ಹತ್ತಿತು. ಒಂದರ ಹಿಂದೆ ಒಂದು, ಉಸಿರಿಗೆ ಎಡೆ ಇಲ್ಲದ ಕೆಮ್ಮು. ಪಂಪು ಎಳೆದುಕೊಂಡ ಸಪ್ಪಳ, ಆಮೇಲೆ ಸಿಳ್ಳೆಯಂಥ ಉಸಿರು. ವೀರು ವೈನಿಗೆ ಏನಾಗೈತಿ ಎಂದ. ಸುದೀಪ ಡಾಕ್ಟರಬಾಯಿಯ ಮಾತನ್ನೂ ಅಂದಪ್ಪ ಹೇಳಿದ್ದನ್ನೂ ಹೇಳಿ, ಒಂದೇ ಒಂದು ಚೂರು, ಉಗುರಿನಷ್ಟು, ಔಷಧ ಎಂದು ತಿಳಿದು ನುಂಗಿಬಿಡು ಎಂದು ತಮ್ಮನ ಮುಂದೆ ಕೈ ಜೋಡಿಸಿದ. ಹೊಡೆದ ಕೈ ಅದು. ವೀರು ಆ ಕೈಗಳನ್ನು ಹಿಡಿದು ಬಿಡಿಸಿದ, ತಾಯಿಯ ಕಡೆ ತಿರುಗಿದ.

"ಯವ್ವಾ, ಈ ಮಣಿ ಕೊಳ್ಳಾಗ ಇರೂ ತನಕ ನಾ ನಿನ್ನ ಮಗ. ಇದನ್ನ ತಗದು ಮುಂಜಾನಿ ಖಂಡ ತಿಂದ್ನೆಪಾ ಅಂದ್ರ ಸಂಜಿಕ ಅಂಗಡಿ ಮುಂದ ಬಿದ್ದಿರ್ತೇನಿ. ನನ್ನ ನಾ ಬಲ್ಲೆ. ನೀ ಹೇಳು, ತಗೀಲೇನು? ನೀ ಹೇಳಿದ್ರ ತಗೀತೇನಿ."

ಅವನು ನಿಜವಾಗಿಯೂ ಮಾಲೆಯ ಕೆಳಗೆ ಎರಡು ಬೆರಳು ಹಾಕಿ ಕಾಯ್ದು ನಿಂತ. ಅಂಬವ್ವ ಬಾಯಿ ತೆರೆದಳು. ಒಳಗೆ ರೋಜಾ ಕೆಮ್ಮಿದಳು. ಮಗನ ತಿಳಿಯಾದ ಕಣ್ಣುಗಳನ್ನು ನೋಡಿದಳು. ಅವೇ ಕಣ್ಣು ಕುಡಿಯುವ ದಿನಗಳಲ್ಲಿ ಹೇಗಿದ್ದವು ಎಂಬುದೂ ನೆನಪಾಯಿತು. ತೆಗಿ ಎನ್ನಲು ನಾಲಗೆ ಏಳಲಿಲ್ಲ. ಬೇಡ ಎನ್ನಲೂ ಏಳಲಿಲ್ಲ. ಅವಳು ಬೇಡಿದ್ದನ್ನೇ ದ್ಯಾಮವ್ವ ಕೊಟ್ಟಿದ್ದಳು, ಬೇರೆಯದನ್ನಲ್ಲ. ಕೊಟ್ಟದ್ದೇ ಈಗ ಕೊಟ್ಟವಳ ಪಾಲಿಗೆ ಅಡ್ಡ ನಿಂತಿತ್ತು.

"ಕುಡದು ಮನಿ ಹಾಳ ಮಾಡಿದಿ," ಎಂದ ಸುದೀಪ, ದನಿ ಏರಿಸದೆ. "ಬಿಟ್ಟ ಮ್ಯಾಲೂ ನಮ್ಮನ್ನ ಬಿಡವಲ್ಲಿ ನೋಡಲೇ."

ವೀರು ಎದ್ದು ಅಡುಗೆಮನೆಗೆ ಹೋದ. ತಿನ್ನಲಾಗದಿದ್ದರೂ ಇಳಿಸಿ ಗುಡಿಗೆ ಒಯ್ದೇನು ಎಂದು ಮನಸ್ಸು ಮಾಡಿದ್ದ. ಗಳದ ಕೆಳಗೆ ನಿಂತು ಕೈ ಎತ್ತಿದ. ಹೊಗೆ ಅವನ ಬಿಳಿ ತೋಳನ್ನು ಸುತ್ತಿಕೊಂಡು ಮೇಲೆ ಹೋಯಿತು. ಬೆರಳಿಗೂ ಖಂಡಕ್ಕೂ ಒಂದು ಗೇಣು ಉಳಿದಿತ್ತು. ಅಂಬವ್ವ ಬಾಗಿಲಲ್ಲಿ ನಿಂತಿದ್ದಳು. ಅವನ ಇನ್ನೊಂದು ಕೈ ಮಾಲೆಯನ್ನು ಎದೆಗೆ ಒತ್ತಿ ಹಿಡಿದಿತ್ತು. ಬಹಳ ಹೊತ್ತಿನ ಮೇಲೆ ಎತ್ತಿದ ಕೈ ಬರಿದಾಗಿ ಇಳಿಯಿತು.

"ಆಗವಲ್ತು ಯವ್ವಾ," ಎಂದ.

ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಮಗ ಹಸಿದಿದ್ದಾನೆ ಎನ್ನುವುದಷ್ಟೇ ತೋಚಿತು. ಗ್ಯಾಸಿನ ಮೇಲೆ ಬಿಸಿ ರೊಟ್ಟಿ ಬಡಿದು, ಗಳದ ಆಚೆ ತುದಿಯ ಬದನೆಕಾಯಿಯ ಸರ ಬಿಚ್ಚಿ, ಶೇಂಗಾಪುಡಿ ಹಾಕಿ ಪಲ್ಯ ಮಾಡಿದಳು. ತಾಟು ಮುಂದಿಟ್ಟಾಗ ವೀರು ಮೂಸಿ ನೋಡಿ ತಲೆ ತಗ್ಗಿಸಿದ. ಒಂದೇ ಗಳ, ಒಂದೇ ಹೊಗೆ. ಖಂಡ ತಾಗಿ ಬಂದ ಹೊಗೆಯೇ ಬದನೆಕಾಯಿಯ ಒಳಗೂ ಕುಳಿತಿತ್ತು. ಪಲ್ಯವನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ಬರೀ ಉಪ್ಪು ಮೊಸರಿನಲ್ಲಿ ತಿಂದು ಎದ್ದ. ಆರು ವಾರದ ಕಾಯುವಿಕೆಯಲ್ಲಿ ಒಂದು ತುತ್ತೂ ಅವನ ಹೊಟ್ಟೆಗೆ ಹೋಗಲಿಲ್ಲ.

ಮೂರೂವರೆಯ ಬಸ್ಸಿಗೆ ಹೊರಟ. ಹೊರಡುವ ಮುಂದೆ, ಒಲೆ ಆರಿಸಿಬಿಡು ಯವ್ವಾ, ಪಾಪ ಬಂದರೆ ನನಗಿರಲಿ ಎಂದ. ಅಂಬವ್ವ ಹೂಂ ಎನ್ನಲಿಲ್ಲ. ಎರಡು ವರ್ಷ ಬೇಡಿ ಪಡೆದ ಮಗನ ತಲೆಯ ಮೇಲೆ ಪಾಪ ಹೇರುವುದು ಹೇಗೆ? ರೋಜಾ ಹೊಸ್ತಿಲ ತನಕ ಬಂದು, ಹೆಸರಿಡೋ ದಿನಾ ಬರ್ರಿ ಎಂದು ಕೆಮ್ಮನ್ನು ನುಂಗಿಕೊಂಡು ಹೇಳಿದಳು. ಅವನು ಹೂಂ ಎಂದ. ಬಸ್ಸು ಹೋಯಿತು.

ಸಂಜೆ ದೀಪ ಹಚ್ಚಿದ ಮೇಲೆ ಅಂಬವ್ವ ಒಲೆಯ ಮುಂದೆ ಕುಳಿತಳು. ಕುಳ್ಳಿನ ಬುಟ್ಟಿ ಎಡಕ್ಕೆ, ಸಿಪ್ಪೆಯ ಚೀಲ ಬಲಕ್ಕೆ. ಪ್ರತಿದಿನ ಈ ಹೊತ್ತಿಗೆ ಎರಡು ಕುಳ್ಳು ಇಟ್ಟು ಬೂದಿ ಮುಚ್ಚಿದರೆ ಬೆಳಗಿನ ತನಕ ನಡೆಯುತ್ತಿತ್ತು. ಇವತ್ತು ಅವಳ ಕೈ ಬುಟ್ಟಿಗೆ ಹೋಗಲಿಲ್ಲ. ಆರಿಸಲೂ ಇಲ್ಲ, ನೀರು ಹಾಕಲೂ ಇಲ್ಲ. ಸುಮ್ಮನೆ ಕುಳಿತಳು. ತಾಯೀ, ಮಗ ಆರಿಸಲಿಲ್ಲ, ಸೊಸೆ ಆರಿಸಲಿಲ್ಲ, ಕೈ ಹಿಂದೆ ತೆಗೆದವಳು ನಾನು, ಮುದುಕಿ. ನಿನ್ನ ಸಿಟ್ಟಿಗೆ ಒಬ್ಬರು ಬೇಕಿದ್ದರೆ ನನ್ನನ್ನು ಎಣಿಸು, ಆ ಹೊಟ್ಟೆಯನ್ನು ಬಿಡು. ಕೆಂಡಗಳು ಒಂದೊಂದೇ ಬೆಳ್ಳಗಾದವು. ಹೊಗೆ ಎಳೆಯಾಯಿತು, ಕಡಿಯಿತು. ಆರು ವಾರದ ಮೇಲೆ ಮೊದಲ ಸಲ ಆ ಅಡುಗೆಮನೆಯ ಎದುರು ಗೋಡೆಯ ಗೂಟ ಕಣ್ಣಿಗೆ ನಿಚ್ಚಳ ಕಂಡಿತು. ಅವಳು ಎದ್ದು, ಯಾರಿಗೂ ಹೇಳದೆ, ಹೋಗಿ ಮಲಗಿದಳು. ಪಡಸಾಲೆಯಲ್ಲಿ ರೋಜಾ ಕೆಮ್ಮಲಿಲ್ಲ. ಅದನ್ನು ಕೇಳುತ್ತ ಅವಳಿಗೆ ನಿದ್ದೆ ಬಂತು.

ಅಮಾವಾಸ್ಯೆಯ ಬೆಳಗು, ಕೋಳಿ ಕೂಗಿದ ಮೇಲೆ, ಮೂಗಿಗೆ ಶೇಂಗಾ ಸಿಪ್ಪೆಯ ಹೊಗೆ ಬಡಿದು ಎಚ್ಚರವಾಯಿತು. ಕನಸು ಎಂದುಕೊಂಡಳು. ಆಮೇಲೆ ಕೆಮ್ಮು ಕೇಳಿತು. ಗೋಡೆ ಹಿಡಿದು ಅಡುಗೆಮನೆಗೆ ಬಂದರೆ, ರೋಜಾ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಹೊಟ್ಟೆಗೆ ಒಂದು ಕೈ ಆನಿಸಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಊದುಗೊಳವೆಯಲ್ಲಿ ಊದುತ್ತಿದ್ದಳು. ಪ್ರತಿ ಊದಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದಳು. ಹೊಸ ಕುಳ್ಳು ಹತ್ತಿತ್ತು. ಮೇಲೆ ಒಂಬತ್ತು ಸೀಳು ಮತ್ತೆ ಹೊಗೆಯಲ್ಲಿ ಮುಳುಗಿದ್ದವು.

ಅತ್ತೆಯನ್ನು ನೋಡಿ ಅವಳು ಕಳ್ಳತನದಲ್ಲಿ ಸಿಕ್ಕವಳ ಹಾಗೆ ಸಣ್ಣಗೆ ನಕ್ಕಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಆರಿ ತಣ್ಣಗಾಗಿತ್ತರಿ ಅತ್ತಿ. ನಿನ್ನಿ ದಣದಿದ್ರಿ, ಮರತ್ರಿ ಕಾಣತೈತಿ. ಇವತ್ತ ಅಮಾಸಿ ಬ್ಯಾರೆ. ಲಗೂನ ಹಚ್ಚಿಬಿಟ್ನಿ." ಮತ್ತೆ ಕೆಮ್ಮಿ, ದನಿ ತಗ್ಗಿಸಿದಳು. "ಯಾರಿಗೂ ಹೇಳಬ್ಯಾಡ್ರಿ. ನಡುವ ಆರಿದ್ದು ಆಕಿಗೆ ಗೊತ್ತಾಗಿರಾಕಿಲ್ಲ."

ನಾನೇ ಬಿಟ್ಟೆ, ನಿನ್ನ ಸಲುವಾಗಿ ಬಿಟ್ಟೆ ಎಂಬ ಮಾತು ಅಂಬವ್ವನ ಬಾಯಿ ತನಕ ಬಂತು. ಹೇಳಿದರೆ, ದ್ಯಾಮವ್ವ ಮುನಿದಾಳೆಂದು ಹೆರಿಗೆಯ ತನಕ ಈ ಹುಡುಗಿ ಕೂಸು ಒದ್ದರೂ ಹೆದರುತ್ತಾಳೆ, ಒದೆಯದಿದ್ದರೂ ಹೆದರುತ್ತಾಳೆ. ಅವಳು ಮಾತನ್ನು ನುಂಗಿದಳು. ಸೊಸೆಯ ತೋಳು ಹಿಡಿದು ಎಬ್ಬಿಸಿ, ಹೊರಗಿನ ಕಟ್ಟೆಗೆ ಕರೆದೊಯ್ದು ಗಾಳಿಗೆ ಕೂರಿಸಿ ಪಂಪು ಕೈಗಿಟ್ಟಳು. ಒಳಗೆ ಬಂದು ನಿಂತಳು. ಬೆಂಕಿ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ, ಒಂದು ಗಳಿಗೆ ಬಿಟ್ಟರೆ ತಾನೇ ಆರುವಂತಿತ್ತು.

ಹೊರಗಿನಿಂದ ರೋಜಾ, ಹೊತ್ತೈತೇನರಿ ಅತ್ತಿ ಎಂದು ಕೇಳಿದಳು.

ಅಂಬವ್ವ ಒಲೆಯ ಮುಂದೆ ಕುಳಿತಳು. ನೆಲದ ಮೇಲೆ ಬಿದ್ದಿದ್ದ ಊದುಗೊಳವೆಯನ್ನು ಎತ್ತಿಕೊಂಡಳು. ಅದರ ಬಾಯಿ ಸೊಸೆಯ ಉಸಿರಿನಿಂದ ಇನ್ನೂ ಬೆಚ್ಚಗಿತ್ತು.

"ಹೊತ್ತೈತಿ ಮಗಳ," ಎಂದು ಹೇಳಿ, ಊದಿದಳು.